ನಲ್ಲಿ ಬಂತು ಸರಿ, ಆ ನೀರು ಕುಡಿಯಬಹುದಾ?

ಪೇಪರ್ ತೆಗೆದರೆ ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ಅಕ್ಕಪಕ್ಕ ಇರುತ್ತವೆ. ತಾಲ್ಲೂಕಿನ ಇಷ್ಟು ಊರುಗಳು 'ಹರ್ ಘರ್ ಜಲ್', ಅಂದರೆ ಎಲ್ಲ ಮನೆಗೂ ನಲ್ಲಿ ಬಂದ ಗ್ರಾಮಗಳೆಂದು ಘೋಷಣೆಯಾದವು ಅನ್ನುವುದು ಒಂದು. ಪಕ್ಕದ ಊರಲ್ಲಿ ವಾಂತಿ ಭೇದಿ, ನೀರಿನ ಮಾದರಿ ಕುಡಿಯಲು ಯೋಗ್ಯವಲ್ಲ ಅನ್ನುವುದು ಇನ್ನೊಂದು. ಮಳೆಗಾಲ ಶುರುವಾಯಿತೆಂದರೆ ಈ ಜೋಡಿ ತಪ್ಪುವುದಿಲ್ಲ. ಮರುದಿನ ಅಧಿಕಾರಿಗಳು ಬಂದು ಹೊಸದಾಗಿ ಮಾದರಿ ತೆಗೆಯುತ್ತಾರೆ. ವಾರದೊಳಗೆ 'ನೀರು ಚೆನ್ನಾಗಿದೆ' ಅನ್ನುವ ವರದಿ ಬರುತ್ತದೆ. ಓದುವವರು ಯಾವುದನ್ನು ನಂಬಬೇಕು?

ಇದು ಸಣ್ಣ ವಿಷಯವಲ್ಲ. 2023ರ ಮೇ, ಜೂನ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ರೇಕಲಮರಡಿ, ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಊರುಗಳಲ್ಲಿ ಒಂದರ ಹಿಂದೆ ಒಂದರಂತೆ ವಾಂತಿ ಭೇದಿ ಕಾಣಿಸಿಕೊಂಡಿತು, ಸಾವುಗಳೂ ಆದವು. ಅದೇ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಅಂಚಿನ ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಉಳಿಯಲಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರಿನ ಪಕ್ಕದಲ್ಲೇ ಇರುವ ಕೆ. ಸಾಲುಂಡಿಯಲ್ಲೂ ಹೀಗೇ ಆಯಿತು. ಎಲ್ಲ ಕಡೆಯೂ ಜನ ಕುಡಿದದ್ದು ಊರಿಗೆಂದು ಸರ್ಕಾರವೇ ಪೂರೈಸಿದ ನೀರು.

ನಲ್ಲಿ ಬಂದ ಮೇಲೂ ಹೀಗೇಕೆ ಅನ್ನುವುದಕ್ಕೆ ಉತ್ತರ ಇದೆ. ಆದರೆ ಅದನ್ನು ಹಿಡಿಯಬೇಕಾದರೆ ಮೊದಲು ಒಂದಕ್ಕೊಂದು ಕಲಸಿಹೋಗಿರುವ ಎರಡು ವಿಷಯಗಳನ್ನು ಬೇರೆ ಮಾಡಬೇಕು.

ಅಪಾಯ ಒಂದಲ್ಲ, ಎರಡು

ನೀರಿನಲ್ಲಿರುವ ಮೊದಲ ತೊಂದರೆ ನೆಲದ್ದು. ಸಾವಿರ ಅಡಿ ಕೊರೆದ ಬೋರ್‌ವೆಲ್‌ನಲ್ಲಿ ಕಲ್ಲಿನ ಗುಣವೂ ನೀರಿಗೆ ಸೇರುತ್ತದೆ. ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಜಾಸ್ತಿ ಇರುವುದು ಈ ಕಾರಣಕ್ಕೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುತ್ತದೆ, ದೊಡ್ಡವರ ಕೀಲು, ಬೆನ್ನು ಹಿಡಿದುಕೊಳ್ಳುತ್ತವೆ. ಗೊಬ್ಬರ, ತಿಪ್ಪೆ, ಪಾಯಿಖಾನೆ ಗುಂಡಿಗಳಿಂದ ಇಳಿಯುವ ನೈಟ್ರೇಟ್ ಕೂಡ ಇದೇ ಸಾಲಿಗೆ ಸೇರುತ್ತದೆ. ಅದರ ಮಿತಿ 45 ಮಿಲಿಗ್ರಾಂ, ಅಲ್ಲಿ ರಿಯಾಯಿತಿ ಇಲ್ಲ. ಎಳೆ ಕೂಸುಗಳಿಗೆ ನೈಟ್ರೇಟ್ ಬೇಗನೆ ತೊಂದರೆ ಕೊಡಬಹುದು ಅನ್ನುವುದನ್ನು ಬಿಟ್ಟರೆ ಇವೆಲ್ಲ ನಿಧಾನದ ಅಪಾಯಗಳು. ದೊಡ್ಡವರು ಇವತ್ತು ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ. ಈ ಅಂಕಿಗಳು ದಿನದಿಂದ ದಿನಕ್ಕೆ ಅಷ್ಟೇನೂ ಬದಲಾಗುವುದೂ ಇಲ್ಲ.

ಎರಡನೆಯದು ಮಲದ್ದು. ನೇರವಾಗಿಯೇ ಹೇಳಬೇಕು, ಕಾಲರಾ, ಟೈಫಾಯಿಡ್, ಕಾಮಾಲೆ, ಭೇದಿ ಎಲ್ಲವೂ ಮನುಷ್ಯನ ಮಲ ಕುಡಿಯುವ ನೀರಿಗೆ ಸೇರಿದಾಗ ಬರುವ ಕಾಯಿಲೆಗಳು. ಇದು ಗಂಟೆಗಳ ಲೆಕ್ಕದ ಅಪಾಯ. ಬೆಳಿಗ್ಗೆ ಸರಿ ಇದ್ದ ನೀರು ಸಂಜೆ ಕೆಡಬಹುದು. ಮೇಲಿನ ಓಣಿಯಲ್ಲಿ ಸರಿ ಇದ್ದು ಕೆಳಗಿನ ಓಣಿಯಲ್ಲಿ ಕೆಟ್ಟಿರಬಹುದು. ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲ ಸೇರಿದ್ದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಸಿಗಬಾರದು.

ಸುದ್ದಿಯಲ್ಲಿ ಎರಡನ್ನೂ 'ಕಲುಷಿತ ನೀರು' ಅಂತ ಒಂದೇ ಹೆಸರಲ್ಲಿ ಕರೆದುಬಿಡುತ್ತಾರೆ. ಗೊಂದಲ ಹುಟ್ಟುವುದು ಇಲ್ಲೇ. ಒಂದಕ್ಕೆ ಮಾಡುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅದು ಸ್ವಲ್ಪ ಗಟ್ಟಿಯೇ ಆಗುತ್ತದೆ. 'ಕಾಯಿಸಿ ಆರಿಸಿ ಕುಡಿಯಿರಿ' ಅನ್ನುವ ಮಾತು ಭೇದಿ ಹರಡಿದ ಊರಿಗೆ ಸರಿ, ಪಾವಗಡದ ಹಳೇ ಬೋರ್‌ವೆಲ್ ನೀರಿಗೆ ಅದರಿಂದ ಉಪಯೋಗವಿಲ್ಲ.

ಪೈಪಿನೊಳಗೆ ಏನಾಗುತ್ತದೆ

ಬೋರ್‌ವೆಲ್‌ನಿಂದ ಮೇಲೆ ಬಂದ ನೀರಿನಲ್ಲಿ ಸಾಮಾನ್ಯವಾಗಿ ರೋಗಾಣು ಕಡಿಮೆ. ಟ್ಯಾಂಕಿಗೆ ಏರುವಾಗಲೂ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಕೆಡುವುದು ಹೆಚ್ಚಾಗಿ ಟ್ಯಾಂಕಿನಿಂದ ಮನೆಗೆ ಬರುವ ದಾರಿಯಲ್ಲಿ.

ನಮ್ಮ ಹಳ್ಳಿಗಳಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಬಿಡುವುದಿಲ್ಲ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಒಂದು ಗಂಟೆ ಬಿಡುತ್ತಾರೆ. ಸಣ್ಣ ಪಟ್ಟಣಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆಯೂ ಉಂಟು. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಆಗ ಪೈಪ್ ಎಲ್ಲಾದರೂ ಸೀಳಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಕಥೆ ಉಲ್ಟಾ. ಪೈಪಿನ ನೀರು ತಗ್ಗಿನ ಮನೆಗಳ ಕಡೆ ಇಳಿದುಹೋಗುತ್ತದೆ, ಹಿಂದೆ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗ ಸೀಳಿನ ಮೂಲಕ ಹೊರಗಿರುವುದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ಏನು? ಬಹಳ ಕಡೆ ಚರಂಡಿ. ಪೈಪನ್ನು ಚರಂಡಿಯ ಪಕ್ಕ, ಕೆಲವೊಮ್ಮೆ ಚರಂಡಿಯೊಳಗೇ ಎಳೆದಿರುತ್ತಾರೆ, ರಸ್ತೆ ಅಗೆಯುವುದು ತಪ್ಪುತ್ತದೆ ಅಂತ.

ಮನೆ ಮುಂದಿನ ನಲ್ಲಿಯನ್ನೂ ಒಮ್ಮೆ ನೋಡಿ. ಒತ್ತಡ ಸಾಲದೆ ನೀರು ಮೇಲೇರದಿದ್ದಾಗ ಜನ ಏನು ಮಾಡುತ್ತಾರೆ? ಬಾಗಿಲ ಬಳಿ ಮೊಳಕಾಲುದ್ದ ಗುಂಡಿ ತೋಡಿ, ಪೈಪ್ ಕತ್ತರಿಸಿ, ನಲ್ಲಿಯನ್ನು ಗುಂಡಿಯೊಳಗೆ ಇಳಿಸುತ್ತಾರೆ. ಬಿಂದಿಗೆ ಗುಂಡಿಯಲ್ಲಿ ಕೂರುತ್ತದೆ, ನೀರು ತುಂಬುತ್ತದೆ. ನಲ್ಲಿಗೆ ಎಷ್ಟೋ ಕಡೆ ತಿರುಪು ಇರುವುದಿಲ್ಲ, ಬರೀ ಪೈಪಿನ ಬಾಯಿ. ನೀರು ನಿಂತ ಮೇಲೆ ಅದೇ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ಕೋಳಿ ಹಿಕ್ಕೆ ಎಲ್ಲ ಸೇರುತ್ತದೆ. ಪೈಪಿನ ಬಾಯಿ ಅದರಲ್ಲಿ ಮುಳುಗಿರುತ್ತದೆ. ಮೇಲೆ ಹೇಳಿದ ಖಾಲಿ ಜಾಗ ಈ ನೀರನ್ನೇ ಹೀರಿಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಇದೇ, ಅದೂ ಗುಂಡಿ ಯಾರ ಮನೆಯದೋ, ನೀರು ಯಾರ ಮನೆಗೋ. ಇದಕ್ಕೆ ಜೊತೆಯಾಗಿ ಒಬ್ಬಿಬ್ಬರು ಪೈಪಿಗೇ ಮೋಟಾರು ಹಚ್ಚಿ ಎಳೆದರಂತೂ ಮುಗಿಯಿತು.

ಮಳೆಗಾಲದಲ್ಲಿ ಈ ಸುದ್ದಿಗಳು ಹೆಚ್ಚುವುದಕ್ಕೆ ಕಾರಣ ಇದೇ. ಚರಂಡಿ ತುಂಬುತ್ತದೆ, ಗುಂಡಿ ತುಂಬುತ್ತದೆ, ನೆಲದೊಳಗೂ ನೀರು ತುಂಬಿ ಪಾಯಿಖಾನೆ ಗುಂಡಿಯ ದ್ರವ ಪೈಪಿನವರೆಗೆ ತಲುಪುತ್ತದೆ. ಸೀಳು ಮೊದಲಿನಿಂದಲೂ ಇದ್ದದ್ದೇ, ಹೀರಿಕೊಳ್ಳಲು ಕೊಳೆ ಸಿಕ್ಕಿದ್ದು ಈಗ.

ಎರಡು ವರದಿ ಎರಡು ಹೇಳುವುದು ಏಕೆ

ಪೈಪಿನ ಈ ಕಥೆ ಗೊತ್ತಾದರೆ ವರದಿಗಳ ಗೊಂದಲ ಅರ್ಧ ಬಗೆಹರಿಯುತ್ತದೆ. ಟ್ಯಾಂಕಿನ ಕೆಳಗೆ ತೆಗೆದ ಮಾದರಿ ಚೆನ್ನಾಗಿಯೇ ಬರುತ್ತದೆ, ಕೊನೆಯ ಮನೆಯಲ್ಲಿ ತೆಗೆದದ್ದು ಕೆಟ್ಟಿರುತ್ತದೆ. ಎರಡೂ ಸುಳ್ಳಲ್ಲ. ಭೇದಿ ಶುರುವಾದ ಮೂರನೇ ದಿನ, ಟ್ಯಾಂಕ್ ತೊಳೆದು, ಪೌಡರ್ ಸುರಿದು, ಪೈಪಿಗೆ ತೇಪೆ ಹಾಕಿದ ಮೇಲೆ ತೆಗೆದ ಮಾದರಿಯೂ ಚೆನ್ನಾಗಿಯೇ ಬರುತ್ತದೆ. ಅದು ಆ ದಿನದ ನೀರಿನ ವರದಿ, ಜನ ಕುಡಿದ ದಿನದ್ದಲ್ಲ. ಹೀಗಾಗಿ 'ವರದಿ ಚೆನ್ನಾಗಿದೆ, ಕಾಯಿಲೆಗೆ ನೀರು ಕಾರಣವಲ್ಲ' ಅನ್ನುವ ಹೇಳಿಕೆ ಬಂದರೆ ಮಾದರಿ ಎಲ್ಲಿ ತೆಗೆದರು, ಯಾವಾಗ ತೆಗೆದರು ಅಂತ ಮೊದಲು ಕೇಳಬೇಕು.

ಕವಾಡಿಗರಹಟ್ಟಿಯಲ್ಲಿ ಮೊದಲು ಹರಡಿದ್ದು ಯಾರೋ ನೀರಿಗೆ ವಿಷ ಬೆರೆಸಿದ್ದಾರೆ ಅನ್ನುವ ಅನುಮಾನ. ಆಮೇಲಿನ ಪರೀಕ್ಷೆಗಳು ಬೆರಳು ತೋರಿಸಿದ್ದು ಕಾಲರಾ ರೋಗಾಣುವಿನ ಕಡೆಗೆ. ಆ ನಡುವಿನ ದಿನಗಳಲ್ಲಿ ಊರಿನವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವಂತಾಯಿತು. ಪರೀಕ್ಷೆ ತಡವಾದರೆ ಊರಿನ ನೆಮ್ಮದಿಯೂ ಕೆಡುತ್ತದೆ.

ಇನ್ನೊಂದು ತೊಡಕು, ರೋಗಾಣು ಪರೀಕ್ಷೆಗೆ ಸಮಯ ಬೇಕು. ಶುಚಿ ಮಾಡಿದ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು ಲ್ಯಾಬಿಗೆ ಕಳಿಸಬೇಕು. ಅಲ್ಲಿ ರೋಗಾಣು ಬೆಳೆಯಲು ಒಂದೆರಡು ದಿನ ಕಾಯಬೇಕು. ಹಳ್ಳಿಮನೆಗಳಿಗೆ ನಲ್ಲಿ ಹಾಕಿಸುವ ಕೇಂದ್ರದ ಯೋಜನೆಯಾದ ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಕೊಡುವ ಸಣ್ಣ ಕಿಟ್‌ನಲ್ಲಿರುವ ಪುಟ್ಟ ಬಾಟಲಿಯೂ ಅಷ್ಟೇ, ನೀರು ತುಂಬಿಸಿಟ್ಟರೆ ಒಂದೆರಡು ದಿನಕ್ಕೆ ಕಪ್ಪಾಗುತ್ತದೆ. ಕಪ್ಪಾದರೆ ಮಲದ ರೋಗಾಣು ಇರುವ ಸೂಚನೆ. ಅಷ್ಟರಲ್ಲಿ ಊರೆಲ್ಲ ಆ ನೀರು ಕುಡಿದಾಗಿರುತ್ತದೆ. ಮಾರ್ಗಸೂಚಿಯ ಪ್ರಕಾರ ಮೂಲಗಳ ರೋಗಾಣು ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ. ಫ್ಲೋರೈಡ್‌ಗೆ ಅದು ಸಾಕು, ಗಂಟೆ ಗಂಟೆಗೆ ಬದಲಾಗುವ ರೋಗಾಣುವಿಗೆ ಎಲ್ಲಿ ಸಾಕಾಗುತ್ತದೆ?

ಕ್ಲೋರಿನ್ ಲೆಕ್ಕ

ರೋಗಾಣುವನ್ನು ಹುಡುಕುವ ಬದಲು ಅದನ್ನು ಕೊಲ್ಲುವ ಕ್ಲೋರಿನ್ ನೀರಿನಲ್ಲಿ ಇನ್ನೂ ಉಳಿದಿದೆಯಾ ಅಂತ ನೋಡುವುದು ಹೆಚ್ಚು ಉಪಯೋಗ. ಕೊನೆಯ ಮನೆಯ ನಲ್ಲಿ ನೀರನ್ನು ಸಣ್ಣ ಕೊಳವೆಗೆ ಹಿಡಿದು ಕಿಟ್‌ನ ದ್ರಾವಣ ಹಾಕಿದರೆ ನಿಮಿಷದೊಳಗೆ ಬಣ್ಣ ಬರುತ್ತದೆ. ಬಣ್ಣದ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಉಳಿದಿದ್ದರೆ ದಾರಿಯಲ್ಲಿ ಅಲ್ಪಸ್ವಲ್ಪ ಕೊಳೆ ಸೇರಿದ್ದರೂ ಕ್ಲೋರಿನ್ ಅದನ್ನು ಎದುರಿಸಿ ಗೆದ್ದಿದೆ ಎಂದು ಅಂದಾಜಿಸಬಹುದು. ನಿನ್ನೆ ಬಣ್ಣ ಬಂದಿದ್ದು ಇವತ್ತು ಬರಲಿಲ್ಲ ಅಂದರೆ ಕ್ಲೋರಿನ್ ಸರಿಯಾಗಿ ಹಾಕಿಲ್ಲ, ಇಲ್ಲವೇ ಮಧ್ಯೆ ಎಲ್ಲೋ ಏನೋ ಒಳಗೆ ಸೇರುತ್ತಿದೆ. ಲ್ಯಾಬ್ ವರದಿಗೆ ಕಾಯುವ ಅಗತ್ಯವೇ ಇಲ್ಲ, ಅವತ್ತೇ ಎಚ್ಚರಿಕೆ ಸಿಗುತ್ತದೆ.

ಕ್ಲೋರಿನ್ ಎಷ್ಟು ಬೇಕು? 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ತೆಗೆದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ಕಾಲು ಭಾಗ ಕ್ಲೋರಿನ್ ಇದೆ ಅಂದುಕೊಂಡರೆ 400 ಗ್ರಾಂ ಪೌಡರ್. ಬಕೆಟ್‌ನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಅಷ್ಟೇ ಕೆಲಸ.

ಅಷ್ಟೇ ಕೆಲಸ ಅಂದರೂ ಕೈ ಕೊಡುವುದು ಇಲ್ಲೇ. ಪೌಡರ್ ಚೀಲದ ಬಾಯಿ ತೆರೆದಿಟ್ಟರೆ ಗಾಳಿ, ತೇವಕ್ಕೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ಆರು ತಿಂಗಳ ಹಳೆಯ ಚೀಲದಿಂದ ಅದೇ 400 ಗ್ರಾಂ ಹಾಕಿದರೆ ಪುಸ್ತಕದಲ್ಲಿ ಕ್ಲೋರಿನೇಷನ್ ಆಗಿದೆ, ನೀರಿನಲ್ಲಿ ಆಗಿಲ್ಲ. ಇನ್ನೊಂದು ಕಡೆ ಒಂದು ದಿನ ಜಾಸ್ತಿ ಬಿದ್ದರೆ ಮನೆಯವರೆಲ್ಲ ಊರಿಗೆ ನೀರು ಬಿಡುವ ನೀರಗಂಟಿಯನ್ನು ಬೈಯುತ್ತಾರೆ, 'ಏನಪ್ಪಾ, ಪೌಡರ್ ವಾಸನೆ, ಚಹಾ ಕೆಟ್ಟುಹೋಯ್ತು'. ಮರುದಿನದಿಂದ ಅವನು ಹಾಕುವುದನ್ನೇ ಬಿಡುತ್ತಾನೆ. ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ವಾಟ್ಸ್ಆ್ಯಪ್ ಸಂದೇಶಗಳೂ ಓಡಾಡುತ್ತವೆ. ಕ್ಲೋರಿನ್ ನೀರಿನ ಸಾವಯವ ಕಸದ ಜೊತೆ ಸೇರಿ ಕೆಲವು ಉಪವಸ್ತುಗಳನ್ನು ಉಂಟುಮಾಡುವುದು ನಿಜ. ಆದರೆ ಕ್ಲೋರಿನ್ ಹಾಕದೆ ಬಿಡುವ ಅಪಾಯದ ಮುಂದೆ ಇದು ತೀರಾ ಚಿಕ್ಕದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ನಿಲುವು.

ಐದು ರೂಪಾಯಿಗೆ ಇಪ್ಪತ್ತು ಲೀಟರ್

ಜನ ನಂಬಿರುವುದು ಕ್ಲೋರಿನ್ನನ್ನಲ್ಲ, ಊರ ಬಾಗಿಲಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕವನ್ನು. ರಾಜ್ಯದಲ್ಲಿ ಇಂಥ ಸಾವಿರಾರು ಆರ್‌ಒ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಫ್ಲೋರೈಡ್ ಇರುವ ಕಡೆ ಇವು ನಿಜಕ್ಕೂ ಬೇಕು, ಅದರಲ್ಲಿ ವಾದವಿಲ್ಲ. ಬೋರ್‌ವೆಲ್ ನೀರು ಬಿಟ್ಟರೆ ಗತಿಯಿಲ್ಲದ ಊರಿಗೆ ಫ್ಲೋರೈಡ್ ತೆಗೆಯುವ ಸುಲಭ ದಾರಿ ಸದ್ಯಕ್ಕೆ ಇದೇ.

ತೊಂದರೆ ಏನೆಂದರೆ, ಇವನ್ನು ಎಲ್ಲ ಕಾಯಿಲೆಗೂ ಮದ್ದು ಅಂತ ಹಂಚಲಾಯಿತು. ಘಟಕದಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ತೊಳೆಯದ ಕ್ಯಾನ್‌ಗೆ ತುಂಬಿ, ಮನೆಯಲ್ಲಿ ಎರಡು ದಿನ ಇಟ್ಟು, ಕೈ ಅದ್ದಿ ಲೋಟ ಮುಳುಗಿಸಿದರೆ ಅದೂ ಕೆಡುತ್ತದೆ, ತಡೆಯಲು ಅದರಲ್ಲಿ ಏನೂ ಇಲ್ಲ. ನೀರು ಸೋಸುವ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕ ಬರೀ ನೀರು ದಾಟಿಸುವ ಪೆಟ್ಟಿಗೆಯಾಗುತ್ತದೆ. ರುಚಿ ನೋಡಿ ಇದು ಗೊತ್ತಾಗುವುದಿಲ್ಲ. ಕೆಟ್ಟು ನಿಂತ ಘಟಕಗಳಂತೂ ಯಾವ ತಾಲ್ಲೂಕಿಗೆ ಹೋದರೂ ಕಾಣುತ್ತವೆ. ಶುದ್ಧ ನೀರಿನ ಜೊತೆಗೆ ಉಪ್ಪು ಸೇರಿದ ತ್ಯಾಜ್ಯ ನೀರೂ ದೊಡ್ಡ ಪ್ರಮಾಣದಲ್ಲಿ ಹೊರಬಂದು ಚರಂಡಿ ಸೇರುತ್ತದೆ. ನೀರಿಲ್ಲದ ಊರಲ್ಲಿ ಇದೊಂದು ವಿಚಿತ್ರ ಖರ್ಚು. ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಇದಕ್ಕಿಂತ ದೊಡ್ಡ ಪರಿಣಾಮ ಬೇರೆ. ಅನುಕೂಲ ಇರುವವರು ಕ್ಯಾನ್ ನೀರಿಗೆ ಹೋದ ಮೇಲೆ ನಲ್ಲಿ ನೀರಿನ ಬಗ್ಗೆ ಗ್ರಾಮ ಸಭೆಯಲ್ಲಿ ಕೇಳುವ ದನಿ ಕಡಿಮೆಯಾಗುತ್ತದೆ. ನಲ್ಲಿ ನೀರು ಬಳಸಲು ಮಾತ್ರ ಅನ್ನುವುದು ಒಪ್ಪಿತವಾಗಿಬಿಡುತ್ತದೆ. ಆದರೆ ಕೂಲಿಗೆ ಹೋಗುವ ಮನೆ, ಘಟಕದಿಂದ ದೂರದ ಹಟ್ಟಿ, ವಯಸ್ಸಾದ ಒಂಟಿ ಜೀವ ಅದನ್ನೇ ಕುಡಿಯುತ್ತಾರೆ.

ಹೊಣೆ ಯಾರ ತಲೆಗೆ?

ಎಂಜಿನಿಯರುಗಳ ಮಾತು ಹೀಗೆ: ಬೋರ್‌ವೆಲ್ ನಂಬಿದ್ದೇ ತಪ್ಪು, ನದಿ ಅಥವಾ ಜಲಾಶಯದಿಂದ ಶುದ್ಧೀಕರಿಸಿದ ನೀರನ್ನು ಹತ್ತಾರು ಊರಿಗೆ ಒಟ್ಟಿಗೆ ತರಬೇಕು. ಬಹುಗ್ರಾಮ ಯೋಜನೆಗಳ ತರ್ಕ ಇದೇ. ಫ್ಲೋರೈಡ್ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಯೋಜನೆಯ ಹಿಂದೆ ಇರುವುದೂ ಇದೇ ಲೆಕ್ಕ. ಆದರೆ ಶುದ್ಧೀಕರಣ ಘಟಕದಿಂದ ಬಹುದೂರ ಬಂದ ನೀರು ಕೊನೆಗೆ ಹರಿಯುವುದು ಊರಿನ ಅದೇ ಪೈಪಿನಲ್ಲಿ, ಅದೇ ಗುಂಡಿ ನಲ್ಲಿಗೆ. ನೆಲದ ತೊಂದರೆ ತೀರುತ್ತದೆ, ಮಲದ ತೊಂದರೆ ಇದ್ದಲ್ಲೇ ಇರುತ್ತದೆ. ಮೇಲಾಗಿ ಹಳ್ಳಿಗಳು ತಮ್ಮ ಬೋರ್‌ವೆಲ್ ನೀರನ್ನೂ ಅದೇ ಟ್ಯಾಂಕಿಗೆ ಬೆರೆಸುತ್ತವೆ, ನದಿ ನೀರು ನಿಂತ ದಿನ ಇನ್ನೇನು ಮಾಡುವುದು?

ಆರೋಗ್ಯ ಇಲಾಖೆಯವರು ಪರೀಕ್ಷೆ ಮಾಡಿ, ಕ್ಲೋರಿನ್ ಹಾಕಿ ಅಂತ ಪತ್ರ ಬರೆಯುತ್ತಾರೆ, ಹಾಕಿಸುವ ಅಧಿಕಾರ ಅವರಿಗಿಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಕಾಮಗಾರಿ ಮಾಡಿಸಿ ಪಂಚಾಯಿತಿಗೆ ಒಪ್ಪಿಸುತ್ತದೆ. ಪಂಚಾಯಿತಿ ಹೇಳುವುದು ದುಡ್ಡಿಲ್ಲ ಅಂತ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿದ್ದರು. ಕಾಗದದ ಮೇಲೆ ದುಡ್ಡು ಇತ್ತು. ಆದರೆ ಮೋಟಾರು ಸುಟ್ಟರೆ, ಹೊಸ ಬೋರ್ ಕೊರೆಸಬೇಕಾದರೆ, ಕರೆಂಟ್ ಬಿಲ್ ಬಾಕಿ ಬಿದ್ದರೆ ಎಲ್ಲದಕ್ಕೂ ಪಂಚಾಯಿತಿ ಕೈ ಹಾಕುವುದು ಅದಕ್ಕೇ. ಪೌಡರ್ ಚೀಲ ಪಟ್ಟಿಯ ಕೊನೆಗೆ ಹೋಗುತ್ತದೆ. ಮೋಟಾರು ನಿಂತರೆ ಗಂಟೆಯೊಳಗೆ ಗಲಾಟೆ, ಕ್ಲೋರಿನ್ ನಿಂತರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಇನ್ನು ನೀರಿನ ಕರ ಕಟ್ಟುವವರು ಎಷ್ಟು ಜನ ಅಂತ ಕೇಳಿದರೆ ಊರಿನವರೂ ಸುಮ್ನೆ ನಗುತ್ತಾರೆ.

ಸರಪಳಿಯ ಕೊನೆಯಲ್ಲಿ ಇರುವುದು ನೀರಗಂಟಿ. ವಾಲ್ವ್ ತಿರುಗಿಸುವುದು, ಟ್ಯಾಂಕ್ ತೊಳೆಯುವುದು, ಪೌಡರ್ ಹಾಕುವುದು, ಒಡೆದ ಪೈಪಿಗೆ ಟ್ಯೂಬ್ ಸುತ್ತುವುದು, ಎಲ್ಲ ಅವನೇ. ಇಡೀ ಊರಿನ ಆರೋಗ್ಯ ಅವನ ಕೈಯಲ್ಲಿದೆ, ಅವನಿಗೆ ಸಂಬಳ ಸರಿಯಾದ ತಿಂಗಳಿಗೆ ಸಿಕ್ಕರೆ ಅದೇ ಸುದ್ದಿ. 2023ರ ಸಾವುಗಳ ನಂತರ ಮುಖ್ಯಮಂತ್ರಿ ಸಿದ್ದರಾಮಯ್ಯ ಇಂಥ ಪ್ರಕರಣಗಳಿಗೆ ಜಿಲ್ಲಾ ಪಂಚಾಯಿತಿ ಸಿಇಒಗಳನ್ನೇ ಹೊಣೆ ಮಾಡುವುದಾಗಿ ಎಚ್ಚರಿಸಿದ್ದರು. ಎಚ್ಚರಿಕೆ ಬೇಕಿತ್ತು. ಆದರೆ ಅಮಾನತಿನ ಭಯ ಮಾತ್ರ ಇದ್ದರೆ ಅದು ಮೇಲಿನಿಂದ ಕೆಳಗೆ ಪಿಡಿಒ, ನೀರಗಂಟಿಯವರೆಗೆ ಇಳಿಯುತ್ತದೆ. ಕೆಟ್ಟ ವರದಿ ಕೊಟ್ಟವನಿಗೇ ತೊಂದರೆ ಅನ್ನುವಂತಾದರೆ ವರದಿಗಳು ಚೆನ್ನಾಗುತ್ತವೆ, ನೀರು ಹಾಗೇ ಇರುತ್ತದೆ. 'ಯೋಗ್ಯವಲ್ಲ' ಅನ್ನುವ ವರದಿಯನ್ನು ಧೈರ್ಯವಾಗಿ ಬರೆದ ಊರನ್ನು ಸುದ್ದಿವಾಹಿನಿಗಳು ಅಪರಾಧಿಯಂತೆ ತೋರಿಸುವುದೂ ಇದೇ ಕೆಲಸ ಮಾಡುತ್ತದೆ.

ಇನ್ನು ಮುಂದೆ ಏನಾಗಬಹುದು

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಮನೆಗಳಲ್ಲಿ ಸುಮಾರು ಶೇ 17ರಷ್ಟಕ್ಕೆ ಮಾತ್ರ ನಲ್ಲಿ ಇತ್ತು. ತಲೆಗೆ ದಿನಕ್ಕೆ 55 ಲೀಟರ್, ಅದೂ ಗುಣಮಟ್ಟದ ನೀರು ಅನ್ನುವುದು ಗುರಿ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2025ರ ಬಜೆಟ್‌ನಲ್ಲಿ 2028ರವರೆಗೆ ಮುಂದೂಡಿದರು. ಕೇಂದ್ರ ದುಡ್ಡು ಬಿಡುತ್ತಿಲ್ಲ ಅಂತ ರಾಜ್ಯ, ರಾಜ್ಯವೇ ಕೆಲಸ ಮುಗಿಸಿಲ್ಲ ಅಂತ ಕೇಂದ್ರ, ಈ ಜಗಳ ನಡೆದೇ ಇದೆ. ಅಗೆದ ಕಾಂಕ್ರೀಟ್ ರಸ್ತೆ ಮುಚ್ಚದೆ ಬಿಟ್ಟಿರುವುದು ಊರೂರಿನ ದೂರು.

ಆದರೆ ನಿಜವಾದ ಪರೀಕ್ಷೆ ನಲ್ಲಿ ಎಣಿಸುವುದು ಮುಗಿದ ಮೇಲೆ. ಗುತ್ತಿಗೆದಾರರ ನಿರ್ವಹಣೆ ಅವಧಿ ಮುಗಿದಂತೆ ಪೈಪ್, ಪಂಪ್, ಕರೆಂಟ್ ಬಿಲ್ ಎಲ್ಲವೂ ಪಂಚಾಯಿತಿ ಹೆಗಲಿಗೆ ಬರುತ್ತವೆ. ಪೈಪಿನ ಉದ್ದ ಮೊದಲಿಗಿಂತ ಬಹಳ ಹೆಚ್ಚಾಗಿದೆ, ಕೂಡುಗಳು ಹೆಚ್ಚಾಗಿವೆ, ಸೋರುವ ಜಾಗಗಳೂ ಹೆಚ್ಚುತ್ತವೆ. ಬೇಸಿಗೆಯಲ್ಲಿ ಬೋರ್ ಬತ್ತಿ ನೀರು ಬಿಡುವ ಹೊತ್ತು ಕಡಿಮೆಯಾದಷ್ಟೂ ಪೈಪ್ ಖಾಲಿ ಇರುವ ಹೊತ್ತು ಹೆಚ್ಚು, ಹೀರಿಕೊಳ್ಳುವ ಕೊಳೆಯೂ ಹೆಚ್ಚು. ಹೊಸ ನಲ್ಲಿ ಬಂದ ಊರುಗಳಲ್ಲೇ ಮುಂದಿನ ಕೆಲವು ವರ್ಷ ಇಂಥ ಪ್ರಕರಣ ಕೇಳಿಬಂದರೆ ಆಶ್ಚರ್ಯವಿಲ್ಲ. ಹಿಂದೆ ಒಂದು ಕೈಪಂಪ್ ಕೆಟ್ಟರೆ ಒಂದು ಓಣಿಗೆ ತೊಂದರೆ. ಈಗ ಒಂದು ಟ್ಯಾಂಕಿನ ಜಾಲ ಕೆಟ್ಟರೆ ಇಡೀ ಊರಿಗೆ.

ಇದನ್ನು ತಡೆಯುವ ಉಪಕರಣ ಬಹುತೇಕ ಪಂಚಾಯಿತಿಗಳಲ್ಲಿ ಈಗಾಗಲೇ ಇದೆ. ಪ್ರತಿ ಊರಲ್ಲೂ ಐದು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡಬೇಕು ಅನ್ನುವುದು ಮಿಷನ್‌ನ ನಿಯಮ. ತರಬೇತಿ ಎಷ್ಟೋ ಕಡೆ ನಡೆದಿದೆ, ಫೋಟೋ ಕೂಡ ಅಪ್‌ಲೋಡ್ ಆಗಿದೆ. ಕಿಟ್ ಆಮೇಲೆ ಪಂಚಾಯಿತಿ ಕಚೇರಿಯ ಬೀರು ಸೇರುತ್ತದೆ, ದ್ರಾವಣದ ಅವಧಿ ಮುಗಿಯುತ್ತದೆ. ಆ ಮಹಿಳೆಯರಿಗೆ ಸಣ್ಣದೊಂದು ಗೌರವಧನ, ವಾರಕ್ಕೆರಡು ಸಲ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ, ಅಂಕಿಯನ್ನು ಹಾಲಿನ ಡೇರಿಯ ಗೋಡೆ ಮೇಲೆ ಬರೆಯುವುದು, ಇಷ್ಟಕ್ಕೆ ಒಂದು ಆರ್‌ಒ ಘಟಕದ ರಿಪೇರಿ ಖರ್ಚೂ ಬೇಕಾಗುವುದಿಲ್ಲ. ಫ್ಲೋರೈಡ್, ನೈಟ್ರೇಟ್ ಬಗ್ಗೆ ಅನುಮಾನ ಇದ್ದವರು ಮಿಷನ್‌ನ ಜಿಲ್ಲಾ, ತಾಲ್ಲೂಕು ಲ್ಯಾಬಿಗೆ ಸ್ವತಃ ನೀರು ಒಯ್ಯಬಹುದು, ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಕೊಡಬೇಕು ಅಂತ ಮಾರ್ಗಸೂಚಿಯೇ ಹೇಳುತ್ತದೆ.

ಊರನ್ನು 'ಹರ್ ಘರ್ ಜಲ್' ಎಂದು ಪ್ರಮಾಣೀಕರಿಸಲು ಗ್ರಾಮ ಸಭೆಯ ಠರಾವು ಬೇಕು, ಸಹಿ ಹಾಕುವವರು ಊರಿನವರೇ. ಈಗ ಆ ಸಭೆಗಳಲ್ಲಿ ಎಷ್ಟು ಮನೆಗೆ ನಲ್ಲಿ ಬಂತು ಅಂತ ಓದಿ ಹೇಳುತ್ತಾರೆ. ಕೊನೆಯ ಮನೆಯ ಕ್ಲೋರಿನ್ ಅಂಕಿ ಎಷ್ಟು, ಗುಂಡಿಯೊಳಗಿನ ನಲ್ಲಿಗಳು ಎಷ್ಟು, ಚರಂಡಿ ದಾಟುವ ಪೈಪ್ ಎಲ್ಲೆಲ್ಲಿದೆ ಅನ್ನುವ ಮೂರು ಪ್ರಶ್ನೆಗೂ ಉತ್ತರ ಓದಿ ಹೇಳಿದ ಮೇಲೆ ಸಹಿ ಹಾಕುತ್ತೇವೆ ಅಂತ ಜನ ಕೂತರೆ ಅದನ್ನು ತಡೆಯುವ ನಿಯಮ ಯಾವುದೂ ಇಲ್ಲ.